ಹೊಲದ ಪರವಾಗಿ ಕೇಳುವವರು

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಗುಡಿಯ ಮುಂದಿನ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗೆ ಗೋಣಿತಾಟು ಹಾಸಿ ಕಡಲೆಕಾಯಿ ಗುಡ್ಡೆ ಹಾಕಿರುತ್ತಾರೆ. ಮಾರನೆಯ ದಿನದ ಪತ್ರಿಕೆಗಳಲ್ಲಿ ಏನಿರುತ್ತದೆ ಎಂಬುದು ನಮಗೆಲ್ಲ ಬಾಯಿಪಾಠವಾಗಿದೆ: ಕಿಕ್ಕಿರಿದ ಜನ, ಸೇರಿಗೆ ಇಷ್ಟು ರೂಪಾಯಿ, ವಾಹನ ದಟ್ಟಣೆ, ಬೆಂಡು ಬತ್ತಾಸು, ಸುಂಕೇನಹಳ್ಳಿಯ ರೈತರ ಬೆಳೆಯನ್ನು ಬಸವ ಮೇಯುತ್ತಿದ್ದನೆಂಬ ಐತಿಹ್ಯ. ಮಗುವಿನ ಕೈಯಲ್ಲಿ ಬಲೂನು ಇರುವ ಒಂದು ಬಣ್ಣದ ಚಿತ್ರ.

ಅದೇ ಗುಡ್ಡೆಯ ಮುಂದೆ ಕುಳಿತು ಒಂದು ಹಿಡಿ ಕಾಯಿ ಒಡೆದು ನೋಡಿದರೆ ಬೇರೆಯೇ ಸುದ್ದಿ ಸಿಗುತ್ತದೆ. ಎರಡು ಬೀಜದ ಗಿಡ್ಡ ಕಾಯಿ, ಮೂರು ಬೀಜದ ಉದ್ದ ಕಾಯಿ ಅಕ್ಕಪಕ್ಕದಲ್ಲೇ ಇರುತ್ತವೆ. ತಳಿ ಬೇರೆ, ಸೀಮೆ ಬೇರೆ. ಸಿಪ್ಪೆ ದಪ್ಪಗಿದ್ದು ಒಳಗೆ ಬೀಜ ಸೊರಗಿದ್ದರೆ, ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟಿರಬೇಕು, ಇಲ್ಲವೇ ಹೊಲದಲ್ಲಿ ಸುಣ್ಣದಂಶ ಸಾಲದಾಗಿರಬೇಕು. ಹೂ ಬಿಡುವ ಸಮಯಕ್ಕೆ ಜಿಪ್ಸಂ ಕೊಡಿ ಎಂದು ಕೃಷಿ ಇಲಾಖೆ ಹೇಳುತ್ತಲೇ ಬಂದಿದೆ. ಆ ವರ್ಷ ಜಿಪ್ಸಂ ಹೋಬಳಿಗೆ ಸಮಯಕ್ಕೆ ಸರಿಯಾಗಿ ಬಂತೇ? ಬಿತ್ತನೆ ಬೀಜಕ್ಕೆ ಎಷ್ಟು ಕೊಟ್ಟರು? ಗುಡ್ಡೆಯ ಹಿಂದೆ ಕುಳಿತಿರುವವರಲ್ಲಿ ಬೆಳೆದವರೆಷ್ಟು, ಮಂಡಿಯಿಂದ ಕೊಂಡು ತಂದವರೆಷ್ಟು? ಗಿರಾಕಿ ಕೊಟ್ಟ ದುಡ್ಡಿನಲ್ಲಿ ಹೊಲಕ್ಕೆ ತಲುಪುವುದೆಷ್ಟು? ಇವು ನಗರದ ಓದುಗನಿಗೂ ತಿಳಿಯಬೇಕಾದ ಸಂಗತಿಗಳೇ. ಆದರೆ ಇವನ್ನು ಕೇಳಲು ಬೇಕಾದ ತಯಾರಿ ಸುದ್ದಿ ಬರೆಯಲು ಹೋದವರಿಗೆ ಸಿಕ್ಕಿರುವುದಿಲ್ಲ. ತಯಾರಿ ಇರುವ ಕೃಷಿ ಪದವೀಧರ ಪತ್ರಿಕೆಗೆ ಬರುವುದು ಅಪರೂಪ. ಬಂದರೂ ಅವನಿಗೆ ಕಲಿಸಿರುವುದು ಕೇಳುವುದನ್ನಲ್ಲ, ಹೇಳುವುದನ್ನು.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕೃಷಿ ಪತ್ರಿಕೋದ್ಯಮದ ಓದು ಸೊರಗಿರುವುದಕ್ಕೆ ಮೂಲ ಕಾರಣ ಇಲ್ಲೇ ಇದೆ ಎಂದು ನಾನು ತಿಳಿದಿದ್ದೇನೆ. ಅದನ್ನು ವಿಸ್ತರಣೆಯ ಒಂದು ಉಪಾಂಗವಾಗಿ ಇಟ್ಟಿದ್ದೇವೆ. ವಿಜ್ಞಾನಿ ಕಂಡುಹಿಡಿದದ್ದನ್ನು ರೈತನಿಗೆ ಮುಟ್ಟಿಸುವುದು ವಿಸ್ತರಣೆಯ ಕೆಲಸ. ವಿಜ್ಞಾನಿ, ಇಲಾಖೆ, ಕಂಪನಿ, ವ್ಯಾಪಾರಿ ಹೇಳಿದ್ದನ್ನು ರೈತನ ಪರವಾಗಿ ಪರೀಕ್ಷಿಸುವುದು ಪತ್ರಿಕೋದ್ಯಮದ ಕೆಲಸ. ಎರಡೂ ಬೇಕು, ಎರಡೂ ಗೌರವದ ಕೆಲಸಗಳೇ. ಆದರೆ ಒಂದರ ಹೊಟ್ಟೆಯೊಳಗೆ ಇನ್ನೊಂದನ್ನು ಇಟ್ಟರೆ ಪರೀಕ್ಷಿಸುವ ಕೆಲಸ ಸತ್ತು, ಮುಟ್ಟಿಸುವ ಕೆಲಸ ಮಾತ್ರ ಉಳಿಯುತ್ತದೆ.

ಇದುವರೆಗೆ ನಡೆದುಬಂದದ್ದನ್ನು ನೋಡಬೇಕು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಐದನೆಯ ಡೀನ್‌ಗಳ ಸಮಿತಿ ರೂಪಿಸಿದ ಬಿ.ಎಸ್ಸಿ. ಕೃಷಿ ಪಠ್ಯಕ್ರಮದಲ್ಲಿ 'ಕೃಷಿ ಪತ್ರಿಕೋದ್ಯಮ' ಒಂದು ಐಚ್ಛಿಕ ವಿಷಯವಾಗಿತ್ತು. ಅದಕ್ಕೆ ಇದ್ದದ್ದು ಮೂರು ಕ್ರೆಡಿಟ್: ಎರಡು ಪಾಠಕ್ಕೆ, ಒಂದು ಪ್ರಾಯೋಗಿಕಕ್ಕೆ. ಕೃಷಿ ವಾಣಿಜ್ಯ, ಜೈವಿಕ ಗೊಬ್ಬರ, ಸಂರಕ್ಷಿತ ಬೇಸಾಯ ಇಂಥವುಗಳ ಸಾಲಿನಲ್ಲಿ ಅದೂ ಒಂದಾಗಿತ್ತು. ಬೇಕಾದವರು ಆರಿಸಿಕೊಳ್ಳಬಹುದಿತ್ತು, ಬೇಡವಾದವರು ಬಿಡಬಹುದಿತ್ತು. ನಾಲ್ಕು ವರ್ಷದ ಪದವಿಯಲ್ಲಿ ಒಂದು ಸೆಮಿಸ್ಟರಿನ ಈ ಓದು ಲೇಖನದ ರಚನೆ, ಶೀರ್ಷಿಕೆ, ಚಿತ್ರ, ಸಂದರ್ಶನಗಳನ್ನು ಮುಟ್ಟಿ ಮುಂದಕ್ಕೆ ಹೋಗುತ್ತಿತ್ತು. ಇತ್ತ ಪತ್ರಿಕೋದ್ಯಮ ವಿಭಾಗಗಳಲ್ಲಿ ಓದುವವರು ರಾಜಕೀಯ, ಅಪರಾಧ, ಕ್ರೀಡೆ, ಸಿನಿಮಾ ವರದಿಗಾರಿಕೆ ಕಲಿತು ಹೊರಬೀಳುತ್ತಾರೆ. ಅವರಲ್ಲಿ ಹೆಚ್ಚಿನವರು ಮಣ್ಣು ಪರೀಕ್ಷೆಯ ಚೀಟಿಯನ್ನು ಓದಲು ಕಲಿತಿರುವುದಿಲ್ಲ. ಒಂದು ಕಡೆ ವಿಷಯ ಗೊತ್ತು, ಕೇಳುವ ಅಭ್ಯಾಸವಿಲ್ಲ. ಇನ್ನೊಂದು ಕಡೆ ಕೇಳುವ ಅಭ್ಯಾಸವಿದೆ, ವಿಷಯ ಗೊತ್ತಿಲ್ಲ.

ಇದಕ್ಕೆ ಚರಿತ್ರೆಯ ಕಾರಣವೂ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಆರಂಭವಾದದ್ದು ಅಮೆರಿಕದ ಭೂದಾನಿತ (ಲ್ಯಾಂಡ್ ಗ್ರಾಂಟ್) ವಿಶ್ವವಿದ್ಯಾಲಯಗಳ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನೊಂದಿಗೆ. ಬೋಧನೆ, ಸಂಶೋಧನೆ, ವಿಸ್ತರಣೆ ಈ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಒಳ್ಳೆಯ ತತ್ವವನ್ನು ನಾವು ಅಲ್ಲಿಂದ ತಂದೆವು. ಆದರೆ ಅದೇ ಅಮೆರಿಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ 1908ರಲ್ಲೇ ಕೃಷಿ ಪತ್ರಿಕೋದ್ಯಮಕ್ಕೆಂದು ಪ್ರತ್ಯೇಕ ವಿಭಾಗ ತೆರೆದಿತ್ತು. ಸರ್ಕಾರಿ ವಿಸ್ತರಣಾ ವ್ಯವಸ್ಥೆಗೆ ಅಲ್ಲಿ ಕಾನೂನಿನ ಬುನಾದಿ ಬಿದ್ದದ್ದು 1914ರಲ್ಲಿ. ಅಂದರೆ ಅದಕ್ಕೂ ಮೊದಲೇ ಹಳ್ಳಿಯ ಓದುಗನಿಗಾಗಿ ಬರೆಯುವುದು ವಿಶ್ವವಿದ್ಯಾಲಯದಲ್ಲಿ ಕಲಿಯಬೇಕಾದ ವಿದ್ಯೆ ಎಂದು ಒಪ್ಪಿಕೊಂಡಿದ್ದರು. ನಾವು ಮೂರು ಕಂಬಗಳನ್ನು ತಂದು ಈ ನಾಲ್ಕನೆಯದನ್ನು ಅಲ್ಲೇ ಬಿಟ್ಟೆವು. ಭಾರತದಲ್ಲಿ ಪಂತನಗರದ ವಿಶ್ವವಿದ್ಯಾಲಯ ಕೃಷಿ ಸಂವಹನಕ್ಕೊಂದು ವಿಭಾಗ ನಡೆಸುತ್ತಿದೆ. ಕನ್ನಡದಲ್ಲಿ ಪದವಿಯ ಮಟ್ಟದ ಅಂಥ ಪೂರ್ಣ ಓದು ನೆಲೆಗೊಳ್ಳಲಿಲ್ಲ.

ಹಾಗೆಂದು ವಿದ್ಯೆಯನ್ನು ಜನರ ನುಡಿಯಲ್ಲಿ ಹೇಳುವ ಪರಂಪರೆ ಕನ್ನಡಕ್ಕೆ ಹೊಸದೇನಲ್ಲ, ಹಳೆಯ ಬೆಂಗಳೂರಿಗಂತೂ ಅಲ್ಲವೇ ಅಲ್ಲ. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿ ಚಾಮರಾಜಪೇಟೆಯಲ್ಲಿ ನೆಲೆ ನಿಂತಿತು. ಮೂರೇ ವರ್ಷಗಳಲ್ಲಿ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದರು. ಇಂಗ್ಲಿಷಿನಲ್ಲಿ ವಿಜ್ಞಾನ ಬೋಧಿಸುತ್ತಿದ್ದ ಅಧ್ಯಾಪಕರು ಅದೇ ವಿದ್ಯೆಯನ್ನು ಕನ್ನಡದಲ್ಲಿ ಹೇಳಲು ಟೊಂಕ ಕಟ್ಟಿ ನಿಂತದ್ದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ಪತ್ರಿಕೆ ಎರಡು ವರ್ಷ ನಡೆದು ನಿಂತಿತು. ಡಿ.ವಿ. ಗುಂಡಪ್ಪನವರು 1928ರಲ್ಲೇ 'ವೃತ್ತಪತ್ರಿಕೆ' ಎಂಬ ಪುಸ್ತಕ ಬರೆದು ಪತ್ರಿಕಾವೃತ್ತಿಯ ಧರ್ಮವನ್ನು ಕನ್ನಡದಲ್ಲಿ ಚರ್ಚಿಸಿದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಬಸವನಗುಡಿಯಲ್ಲಿ ಇಂದಿಗೂ ಇರುವ ಆ ಸಂಸ್ಥೆಯ ಹಿಂದಿದ್ದ ನಂಬಿಕೆ ಸರಳವಾದದ್ದು: ಸಾರ್ವಜನಿಕ ವಿಷಯವನ್ನು ಪ್ರಜೆ ತಿಳಿದು ಪ್ರಶ್ನಿಸಬೇಕು, ಹಾಗೆ ಪ್ರಶ್ನಿಸಲು ಅವನಿಗೆ ಶಿಕ್ಷಣ ಬೇಕು.

ಆ ದೊಡ್ಡ ಪ್ರಯತ್ನಗಳ ಸಾಲಿನಲ್ಲಿ ಬೇಸಾಯಕ್ಕೆ ಅಂಥದೊಂದು ಪೀಠ ಸಿಗಲಿಲ್ಲ. ಪೇಟೆಯ ವಿದ್ಯಾವಂತರು ಸಾಹಿತ್ಯ, ವಿಜ್ಞಾನ, ರಾಜಕೀಯಗಳನ್ನು ಕನ್ನಡಕ್ಕೆ ತಂದರು. ಹೊಲದ ವಿದ್ಯೆ ಇಲಾಖೆಯ ಕರಪತ್ರಗಳ ಪಾಲಾಯಿತು. ಕರಪತ್ರ ಎಷ್ಟೇ ಸರಿಯಾಗಿದ್ದರೂ ಅದು ಒಂದೇ ದಿಕ್ಕಿನ ಮಾತು.

ಅಡಿಕೆಯ ಕೊಳೆರೋಗದ ಚರಿತ್ರೆಯನ್ನೇ ತೆಗೆದುಕೊಳ್ಳೋಣ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಓಡಾಡಿ ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿದರು, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಅದಕ್ಕೂ ಮೊದಲು ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ರೈತರಿಗಿದ್ದ ದಾರಿ. ನೂರು ವರ್ಷ ದಾಟಿದ ಮೇಲೂ ಮುಂಗಾರು ಬಂದಾಗಲೆಲ್ಲ ಪತ್ರಿಕೆಗಳಲ್ಲಿ 'ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿ' ಎಂಬ ಒಂದು ಸಾಲಿನ ಸಲಹೆ ಬರುತ್ತದೆ. ತಪ್ಪಿಲ್ಲ. ಆದರೆ ಬೆಳೆ ಉಳಿಯುವುದೂ ಹೋಗುವುದೂ ಆ ಸಾಲಿನಲ್ಲಿ ಇಲ್ಲದ ವಿವರಗಳ ಮೇಲೆ.

ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕಲಸಬೇಕು. ಕಬ್ಬಿಣದ ಪಾತ್ರೆ ಕೂಡದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಹಾಕಿದರೆ ದ್ರಾವಣ ಹದ ಕೆಡುತ್ತದೆ. ಆಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಅದನ್ನು ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಅಲಗು ಮೊದಲಿನಂತೆ ಹೊಳೆಯುವವರೆಗೆ ಸುಣ್ಣದ ನೀರು ಸೇರಿಸುತ್ತ ಹೋಗಬೇಕು. ಕಲಸಿದ ದಿನವೇ ಹೊಡೆದು ಮುಗಿಸಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, 40-45 ದಿನಕ್ಕೆ ಇನ್ನೊಮ್ಮೆ. ಸುಣ್ಣ ಹಳೆಯದಾಗಿ ಸತ್ತ್ವ ಕಳೆದುಕೊಂಡಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ.

ಕತ್ತಿಯ ಅಲಗಿನ ಈ ಪರೀಕ್ಷೆಯನ್ನು ಬರೆಯದೆ ಬಿಟ್ಟ ವರದಿ ರೈತನ ಹತ್ತಿರ ಬಂದು ಅರ್ಧಕ್ಕೇ ನಿಂತ ವರದಿ. ಅದನ್ನು ಬರೆದವನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ವರ್ಷ ಮಾರುಕಟ್ಟೆಯಲ್ಲಿ ಸಿಗುತ್ತಿರುವ ಮೈಲುತುತ್ತದ ಗುಣಮಟ್ಟ ಹೇಗಿದೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಸಮಯಕ್ಕೆ ಸಿಗುತ್ತಿದ್ದಾರೆಯೇ, ಎರಡು ಸಿಂಪಡಣೆಗೂ ರೋಗ ನಿಲ್ಲದ ತೋಟಗಳಲ್ಲಿ ಏನಾಗಿದೆ ಎಂದು ಕೇಳಿದರೆ, ಆಗ ಅದು ಪತ್ರಿಕೋದ್ಯಮ. ವಿಷಯಜ್ಞಾನ ಮತ್ತು ಪ್ರಶ್ನೆ ಒಂದೇ ತಲೆಯಲ್ಲಿ ಕೂಡಬೇಕು ಎನ್ನುವುದು ಇದಕ್ಕೇ.

ಬೆಲೆಯ ಸುದ್ದಿಯಲ್ಲಿ ಈ ಕೊರತೆ ಇನ್ನೂ ದುಬಾರಿಯಾಗುತ್ತದೆ. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ತೂಕದ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಟೊಮೆಟೊ ಮಾರಿ ಕೋಟಿ ಕಂಡ ರೈತರ ಕಥೆಗಳು ಟಿವಿಯಲ್ಲಿ ಹಗಲಿರುಳು ಓಡಿದವು. ಆ ಕಥೆಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಸಸಿ ನಾಟಿ ಮಾಡಿದ ಮೇಲೆ ಮೊದಲ ಕೊಯ್ಲಿಗೆ ಎರಡು ಎರಡೂವರೆ ತಿಂಗಳು ಬೇಕು. ಜುಲೈಯ ಸುದ್ದಿ ನೋಡಿ ನಾಟಿ ಮಾಡಿದವನ ಫಸಲು ಮಾರುಕಟ್ಟೆ ಮುಟ್ಟುವುದು ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರಿಗೆ. ಸೆಪ್ಟೆಂಬರ್ ಹೊತ್ತಿಗೆಲ್ಲ ಬೆಲೆ ನೆಲ ಕಚ್ಚಿತ್ತು. ಬೆಲೆ ಏರಿದ ದಿನವೇ 'ಈಗ ನರ್ಸರಿಗಳಲ್ಲಿ ಎಷ್ಟು ಸಸಿ ಮಾರಾಟವಾಗುತ್ತಿದೆ, ಮಹಾರಾಷ್ಟ್ರದ ಫಸಲು ಯಾವಾಗ ಬರುತ್ತದೆ' ಎಂದು ಕೇಳುವ ವರದಿಗಾರನಿದ್ದಿದ್ದರೆ, ಅವನ ಒಂದು ವರದಿ ಎಷ್ಟೋ ಮಂದಿಯ ಸಾಲವನ್ನು ತಪ್ಪಿಸಬಹುದಿತ್ತು.

ಇಂಥದೇ ಇನ್ನೊಂದು ಸೂಕ್ಷ್ಮ ದರಪಟ್ಟಿಯಲ್ಲಿದೆ. ಎಪಿಎಂಸಿ ಪ್ರಕಟಿಸುವ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರಗಳಿರುತ್ತವೆ. ಹೆಚ್ಚಿನ ಸರಕು ಮಾರಾಟವಾಗುವುದು ಮಾದರಿ ದರದ ಆಸುಪಾಸಿನಲ್ಲಿ. ಶೀರ್ಷಿಕೆಗೆ ಏರುವುದು ಮಾತ್ರ ಗರಿಷ್ಠ ದರ. ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವ ಗೃಹಿಣಿ ಆ ಶೀರ್ಷಿಕೆ ಓದಿ ರೈತ ದುಡ್ಡು ಮಾಡಿಕೊಂಡ ಎಂದುಕೊಳ್ಳುತ್ತಾಳೆ. ಶೀರ್ಷಿಕೆ ನಂಬಿ ಮಂಡಿಗೆ ಬಂದ ರೈತ ದಲ್ಲಾಳಿ ಹೇಳಿದ ದರ ಕೇಳಿ ಮೋಸವಾಯಿತು ಎಂದುಕೊಳ್ಳುತ್ತಾನೆ. ಅರ್ಧ ತಿಳಿದು ಬರೆದ ಒಂದು ಅಂಕಿ ಕೊಳ್ಳುವವಳನ್ನೂ ಬೆಳೆದವನನ್ನೂ ಒಬ್ಬರ ಮೇಲೊಬ್ಬರು ಅನುಮಾನ ಪಡುವಂತೆ ಮಾಡುತ್ತದೆ.

ಹಾಗಾದರೆ ನಿಜವಾದ ಕೃಷಿ ಪತ್ರಿಕೋದ್ಯಮ ಕನ್ನಡದಲ್ಲಿ ಆಗಿಲ್ಲವೇ? ಆಗಿದೆ, ಗರ್ವಪಡುವಷ್ಟು ಆಗಿದೆ. ಅದು ಬೆಳೆದದ್ದು ವಿಶ್ವವಿದ್ಯಾಲಯದ ಆವರಣದ ಹೊರಗೆ. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲ. ಆ ಗಡಿಯ ಕನ್ನಡ ಊರಿನ ಕೃಷಿಕರೂ ಪತ್ರಕರ್ತರೂ ಆದ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ತಮ್ಮೂರಿನ ಕೊಟ್ಟಿಗೆಗಳಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿರುವುದನ್ನು ಗಮನಿಸಿ, ಇದಕ್ಕೂ ಆ ಸಿಂಪಡಣೆಗೂ ನಂಟಿದೆಯೇ ಎಂದು ಅಚ್ಚಿನಲ್ಲಿ ಕೇಳಿದರು. ಸಿಂಪಡಣೆ ನಿಲ್ಲಲು 2000ದ ಇಸವಿ ಬರಬೇಕಾಯಿತು. ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಿದ್ದು 2011ರ ಮೇ ತಿಂಗಳಲ್ಲಿ. ಈ ನಡುವೆ ಆ ಭಾಗದ ಜನರ ಕಾಯಿಲೆಗಳ ಕಾರಣದ ಬಗ್ಗೆ ವಿಜ್ಞಾನಿಗಳಲ್ಲೇ ದೊಡ್ಡ ವಾದ ನಡೆಯಿತು. ಅಂಥ ವಾದದ ಎರಡೂ ಬದಿಯ ವರದಿಗಳನ್ನು ಓದಿ, ಮಾದರಿ ಎಲ್ಲಿಂದ ತೆಗೆದರು, ಹೇಗೆ ಅಳೆದರು, ಹಣ ಯಾರದು ಎಂದು ತೂಗಿ ನೋಡಬಲ್ಲ ಪತ್ರಕರ್ತ ಪ್ರತಿ ಜಿಲ್ಲೆಗೂ ಬೇಕು. ಒಂಟಿ ಮನುಷ್ಯನೊಬ್ಬನ ಎದೆಗಾರಿಕೆಯ ಮೇಲೆ ಸಮಾಜ ಶಾಶ್ವತವಾಗಿ ಆತುಕೊಂಡಿರಲಾಗದು. ಅಂಥ ಎದೆಗಾರಿಕೆಯ ಜೊತೆಗೆ ವಿದ್ಯೆಯನ್ನೂ ಒದಗಿಸಬೇಕಾದದ್ದು ವಿಶ್ವವಿದ್ಯಾಲಯದ ಹೊಣೆ.

ಶ್ರೀಪಡ್ರೆಯವರೇ ಮುನ್ನಡೆಸಿದ 'ಅಡಿಕೆ ಪತ್ರಿಕೆ' 1988ರಿಂದ ಪುತ್ತೂರಿನಿಂದ ಹೊರಡುತ್ತಿದೆ. 'ಕೃಷಿಕರ ಕೈಗೆ ಲೇಖನಿ' ಎಂಬುದು ಅದರ ಮಂತ್ರ. ತೋಟದ ಕೆಲಸ ಮಾಡುವವರನ್ನೇ ಕೂಡಿಸಿ ಬರೆಯಲು ಕಲಿಸುವ ಕಮ್ಮಟಗಳನ್ನು ಅದು ನಡೆಸಿತು. ಒಂದು ಪ್ರಯೋಗ ಗೆದ್ದರೆ ಖರ್ಚೆಷ್ಟು, ಸೋತವರು ಯಾರು, ಏಕೆ ಸೋತರು ಎಂದು ಕೇಳಿ ಬರೆಯುವ ಶಿಸ್ತನ್ನು ಬೆಳೆಸಿತು. 2021ರಲ್ಲಿ ಬಾಳೆಕಾಯಿ ಬೆಲೆ ಕುಸಿದಾಗ ಮನೆಯಲ್ಲೇ ಹುಡಿ ಮಾಡಿ ಬಳಸುವ 'ಬಾಕಾಹು' ಆಂದೋಲನ ಹಬ್ಬಿದ್ದು ಇಂಥ ಬರವಣಿಗೆಯ ಬಲದಿಂದ. ಧಾರವಾಡದ ಕೃಷಿ ಮಾಧ್ಯಮ ಕೇಂದ್ರವೂ ಕನ್ನಡದಲ್ಲಿ ಕೃಷಿ ಬರಹಗಾರರನ್ನು ತರಬೇತುಗೊಳಿಸುವ ಕೆಲಸವನ್ನು ಶ್ರದ್ಧೆಯಿಂದ ಮಾಡಿದೆ. ಪಠ್ಯಕ್ರಮ ಬರೆಯುವವರು ಮೊದಲು ಕೂತು ಓದಬೇಕಾದದ್ದು ಈ ಅನುಭವವನ್ನು.

ಇಂಥದೊಂದು ಓದನ್ನು ವಿಶ್ವವಿದ್ಯಾಲಯಕ್ಕೆ ತರಬೇಕೆಂದರೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ಕೆಲಸದ ಪ್ರಶ್ನೆ. ಪತ್ರಿಕೆಗಳಲ್ಲಿ ಕೃಷಿಗೆ ಸಿಗುವ ಪುಟವೇ ಕಡಿಮೆ, ಇಂಥ ಪದವಿ ಪಡೆದವನಿಗೆ ನೌಕರಿ ಎಲ್ಲಿ? ಪತ್ರಿಕೆಗಳಷ್ಟನ್ನೇ ನಂಬಿ ದೊಡ್ಡ ವಿಭಾಗ ತೆರೆಯುವುದು ವಿವೇಕವಲ್ಲ, ನಿಜ. ಆದರೆ ಆಕಾಶವಾಣಿಯ ಕೃಷಿ ವಿಭಾಗಗಳು, ಸಮುದಾಯ ಬಾನುಲಿಗಳು, ರೈತ ಉತ್ಪಾದಕ ಕಂಪನಿಗಳು, ಕೃಷಿ ವಿಜ್ಞಾನ ಕೇಂದ್ರಗಳು, ಸಹಕಾರ ಸಂಘಗಳು ಎಲ್ಲೆಲ್ಲೂ ಸ್ಪಷ್ಟವಾಗಿ ಬರೆಯಬಲ್ಲ, ಮಾತಾಡಬಲ್ಲ ಜನ ಬೇಕು. ಕೃಷಿ ಅಧಿಕಾರಿಯಾಗಿ ಹೋಗುವವನೂ ಈ ಓದಿನಿಂದ ಕಳೆದುಕೊಳ್ಳುವುದೇನಿಲ್ಲ. ಪ್ರಶ್ನೆ ಎದುರಿಸಲು ಕಲಿತ ಅಧಿಕಾರಿ ಒಳ್ಳೆಯ ಅಧಿಕಾರಿಯಾಗುತ್ತಾನೆ.

ಎರಡನೆಯದು: ರೈತರ ಕೈಯಲ್ಲೇ ಫೋನಿದೆ, ಯೂಟ್ಯೂಬಿನಲ್ಲಿ ರೈತರೇ ರೈತರಿಗೆ ಹೇಳುತ್ತಿದ್ದಾರೆ, ಇನ್ನು ಪತ್ರಕರ್ತ ಏಕೆ? ರೈತ ತಾನೇ ಮಾತಾಡತೊಡಗಿರುವುದು ಒಳ್ಳೆಯ ಬದಲಾವಣೆ, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಎಕರೆಗೆ ಹತ್ತು ಲಕ್ಷ ಆದಾಯ ಎಂದು ಕೂಗುವ ವಿಡಿಯೊ ಗಿಡ ಮಾರುವ ನರ್ಸರಿಯ ಜಾಹೀರಾತೇ, ಬೆಳೆಗಾರನ ಅನುಭವವೇ ಎಂದು ನೋಡುಗನಿಗೆ ಹೇಳುವವರಿಲ್ಲ. ಆದಾಯ ಹೇಳಿದವನು ಕೂಲಿ, ಗೊಬ್ಬರ, ಕೊಳವೆಬಾವಿಯ ಸಾಲ ಕಳೆದು ಹೇಳಿದನೇ ಎಂದು ಕೇಳುವವರಿಲ್ಲ. ಮಾಹಿತಿ ಹೆಚ್ಚಿದಷ್ಟೂ ಅದನ್ನು ಸೋಸುವ ವಿದ್ಯೆಗೆ ಬೆಲೆ ಹೆಚ್ಚುತ್ತದೆ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದದ್ದು: ತಳಿ ಬಿಡುಗಡೆ ಮಾಡುವ ವಿಶ್ವವಿದ್ಯಾಲಯ ತನ್ನನ್ನೇ ಪ್ರಶ್ನಿಸುವುದನ್ನು ಕಲಿಸಲು ಒಪ್ಪೀತೇ? ಹೆಬ್ಬಾಳದ ಆಚೆ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ನಡೆಯುವ ಕೃಷಿ ಮೇಳದಲ್ಲಿ ಹೊಸ ತಳಿಗಳ ಹೆಸರು, ಇಳುವರಿ ಪ್ರಕಟವಾಗುತ್ತವೆ. ಆ ಇಳುವರಿ ಸಂಶೋಧನಾ ಕೇಂದ್ರದ ತಾಕಿನದೇ, ರೈತರ ಹೊಲದ್ದೇ? ನೀರಾವರಿಯಲ್ಲೇ, ಖುಷ್ಕಿಯಲ್ಲೇ? ಎಷ್ಟು ಹಂಗಾಮಿನ ಸರಾಸರಿ? ವಿದ್ಯಾರ್ಥಿ ತನ್ನ ಗುರುವನ್ನೇ ಹೀಗೆ ಕೇಳುವ ವಾತಾವರಣ ಬೇಕು. ಅದು ಸಂಸ್ಥೆಗೆ ಅವಮಾನವಲ್ಲ. ಪ್ರಶ್ನೆಗೆ ನಿಂತು ಗೆದ್ದ ತಳಿಯನ್ನೇ ರೈತ ನಂಬುತ್ತಾನೆ. ಅಷ್ಟೇ ಅಲ್ಲ, ಕೇಳುವವರಿಲ್ಲದ ಕಡೆ ಹೊಗಳುವವರೂ ಇರುವುದಿಲ್ಲ. ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಹಳೆಯ ರೈತರು 'ರಾಗಿ ಬ್ರಹ್ಮ' ಎಂದು ನೆನೆಯುತ್ತಾರೆ. ಬೆಂಕಿರೋಗ ತಡೆದುಕೊಳ್ಳುವ ಜಿಪಿಯು-28 ತಳಿ ಜಿಕೆವಿಕೆಯಲ್ಲೇ ಹುಟ್ಟಿ ರಾಜ್ಯದ ಹೊಲಗಳಿಗೆ ಹಬ್ಬಿತು. ನಗರದಲ್ಲಿ ದಿನವೂ ಮುದ್ದೆ ಉಣ್ಣುವ ಎಷ್ಟು ಮನೆಗಳಿಗೆ ಈ ಹೆಸರುಗಳು ಗೊತ್ತು? ವಿಜ್ಞಾನಿಯ ನಿಜವಾದ ಸಾಧನೆಯನ್ನು ಜನಕ್ಕೆ ತಿಳಿಸಲಾಗದ್ದೂ ಇದೇ ಪತ್ರಿಕೋದ್ಯಮದ ಬಡತನ.

ಆಗಬೇಕಾದದ್ದು ಇಷ್ಟು. ಕೃಷಿ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಒಂದು ಪತ್ರಿಕೋದ್ಯಮ ವಿಭಾಗ ಸೇರಿ ಎರಡು ವರ್ಷದ ಸ್ನಾತಕೋತ್ತರ ಪದವಿ ರೂಪಿಸಲಿ. ಕೃಷಿ ಓದಿದವರಿಗೂ ಕಲಾ ಪದವೀಧರರಿಗೂ ಅದರ ಬಾಗಿಲು ತೆರೆದಿರಲಿ. ಬೋಧನೆ, ಬರವಣಿಗೆ, ಪರೀಕ್ಷೆ ಕನ್ನಡದಲ್ಲೇ ನಡೆಯಲಿ. ಈಗ ಕೃಷಿ ಪದವಿಯ ಬೋಧನಾ ಮಾಧ್ಯಮ ಇಂಗ್ಲಿಷ್; ಕೊನೆಯ ವರ್ಷ ಗ್ರಾಮೀಣ ಕಾರ್ಯಾನುಭವಕ್ಕೆಂದು ತಿಂಗಳುಗಟ್ಟಲೆ ಹಳ್ಳಿಯಲ್ಲಿರುವ ವಿದ್ಯಾರ್ಥಿಗಳ ವರದಿಗಳು ಅಂಕ ಕೊಡುವವರ ಮೇಜು ದಾಟುವುದಿಲ್ಲ. ಅವರು ಅಲ್ಲಿಂದಲೇ ಕನ್ನಡದಲ್ಲೊಂದು ಹಳ್ಳಿ ಪತ್ರಿಕೆ ಹೊರಡಿಸಲಿ, ಆ ಊರಿನವರೇ ಓದಿ ತಪ್ಪು ತೋರಿಸಲಿ. ಅಂಕಿಅಂಶ ಓದುವುದು, ಪ್ರಯೋಗದ ವಿನ್ಯಾಸ ಅರಿಯುವುದು, ದರಪಟ್ಟಿ, ಬಜೆಟ್, ಬೆಳೆ ವಿಮೆಯ ಷರತ್ತುಗಳನ್ನು ಬಿಡಿಸುವುದು ಕಡ್ಡಾಯವಾಗಲಿ. ಕಮ್ಮಟ ನಡೆಸಲು ಪದವಿ ಕೇಳದೆ ಬರೆಯುವ ರೈತರನ್ನು ಕರೆಯಲಿ.

ಓದಿನ ಒಂದು ಭಾಗ ಹಳೆಯ ಬೆಂಗಳೂರಿನಲ್ಲೇ ನಡೆಯಬೇಕು. ಕಲಾಸಿಪಾಳ್ಯದ ಸಗಟು ತರಕಾರಿ ವ್ಯಾಪಾರ, ಗಾಂಧಿ ಬಜಾರಿನ ಹೂವು ಹಣ್ಣಿನ ಸಾಲು, 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಹಾಪ್‌ಕಾಮ್ಸ್‌ನ ಮಳಿಗೆಗಳು, ಸಾಹಿತ್ಯ ಪರಿಷತ್ತಿನ ಸಭಾಂಗಣ, ಗೋಖಲೆ ಸಂಸ್ಥೆಯ ಗ್ರಂಥಾಲಯ, ಎಲ್ಲವೂ ಕೂಗಳತೆಯ ದೂರದಲ್ಲಿವೆ. ಕೃಷಿ ಪತ್ರಿಕೋದ್ಯಮಕ್ಕೆ ಓದುಗರು ಇಬ್ಬರು: ಬೆಳೆಯುವವರು, ಉಣ್ಣುವವರು. ಬೆಲೆ, ನೀರು, ವಿಷ, ಭೂಮಿ ಯಾವ ಪ್ರಶ್ನೆಗೂ ಇಬ್ಬರಲ್ಲಿ ಒಬ್ಬರನ್ನು ಬಿಟ್ಟು ಉತ್ತರ ಸಿಗದು. ನಗರದ ಮತ, ನಗರದ ತಟ್ಟೆ, ನಗರದ ಕುಡಿಯುವ ನೀರು ಇವೆಲ್ಲ ರೈತನ ಬದುಕನ್ನು ನಿರ್ಧರಿಸುತ್ತಿರುವಾಗ, ನಗರದವರಿಗೆ ಹೊಲದ ನಿಜ ತಿಳಿಸುವವರನ್ನು ತಯಾರು ಮಾಡದಿರುವುದು ವಿಶ್ವವಿದ್ಯಾಲಯಗಳ ಕರ್ತವ್ಯಲೋಪ. ಒಂದು ಐಚ್ಛಿಕ ವಿಷಯದಿಂದ ಅದು ತುಂಬಿಬರುವುದಿಲ್ಲ. ಮುಂದಿನ ಪಠ್ಯಕ್ರಮ ಪರಿಷ್ಕರಣೆಗೆ ಕೂರುವ ಮಂಡಳಿ ಕೃಷಿ ಪತ್ರಿಕೋದ್ಯಮವನ್ನು ವಿಸ್ತರಣೆಯಿಂದ ಬಿಡಿಸಿ, ಅದಕ್ಕೆ ತನ್ನದೇ ವಿಭಾಗ, ತನ್ನದೇ ಅಧ್ಯಾಪಕರು, ತನ್ನದೇ ಪತ್ರಿಕೆ ಕೊಡಲಿ. ಆ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ತನ್ನ ವಿಶ್ವವಿದ್ಯಾಲಯದ ಒಂದು ತಳಿಯನ್ನು ರೈತರ ಹೊಲದಲ್ಲಿ ನಿಲ್ಲಿಸಿ ಪರೀಕ್ಷಿಸುವ ಸ್ವಾತಂತ್ರ್ಯವನ್ನೂ ಬರವಣಿಗೆಯಲ್ಲಿ ಕೊಡಲಿ.